ತಪ್ಪು ಹೇಳುವ ಕೆಲಸ

ಗಡಿಯಾರ ರಿಪೇರಿ ಅಂಗಡಿಯ ಯಜಮಾನರು ಹಿಂದಿನ ದಿನದಿಂದ ಕಾಣೆಯಾಗಿದ್ದರು. ಅಂಗಡಿಯ ನೆಲದ ಮೇಲೆ ರಕ್ತವಿತ್ತು, ಅವರಿರಲಿಲ್ಲ. ಪಾಲು ಮುರಿಯುವ ವಿಷಯಕ್ಕೆ ಅವರೊಡನೆ ಜಗಳವಾಡಿದ್ದ ಪಾಲುದಾರ ಠಾಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದ. ಗಾಯಗೊಂಡ ಮುದುಕರು ಎಲ್ಲಾದರೂ ಬದುಕಿದ್ದರೆ, ಆ ಸ್ಥಳ ಬಲ್ಲವನು ಅವನೊಬ್ಬನೇ. ಯಜಮಾನರ ಮಗಳು ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ.

ಇನ್ಸ್‌ಪೆಕ್ಟರು ಗದರಿಸಿ ನೋಡಿದರು, ಗೋಗರೆದು ನೋಡಿದರು. ಫಲ ಸೊನ್ನೆ. ಕೊನೆಗೆ ಇಲಾಖೆಯು ಅಪರಾಧಿಗಳ ವರ್ತನೆಯನ್ನು ವಿಶ್ಲೇಷಿಸುವ ತಜ್ಞೆಯೊಬ್ಬಳನ್ನು ಕಳುಹಿಸಿತು. ಆಕೆ ಇನ್ಸ್‌ಪೆಕ್ಟರ ಹೆಂಡತಿಯ ತಂಗಿಯೇ ಆಗಿದ್ದುದು ಅವರ ಪ್ರಾರಬ್ಧ.

ಆಕೆ ಅಂಗಡಿಯನ್ನು ನೋಡಿಕೊಂಡೇ ಠಾಣೆಗೆ ಬಂದಳು.

"ಭಾವ, ಹೊಡೆದವನು ಒಡೆದ ಗಾಜನ್ನೆಲ್ಲ ಗುಡಿಸಿ ಮೂಲೆಗೆ ಸೇರಿಸಿದ್ದಾನೆ. ಸ್ಕ್ರೂಡ್ರೈವರುಗಳನ್ನ ಉದ್ದದ ಪ್ರಕಾರ ಜೋಡಿಸಿದ್ದಾನೆ. ರಕ್ತದ ಪಕ್ಕದಲ್ಲೇ."

"ಅಚ್ಚುಕಟ್ಟಾದ ಮನುಷ್ಯ. ಸನ್ಮಾನ ಮಾಡೋಣ."

"ಓರೆಕೋರೆ ಸಹಿಸದವನು. ನಿಮ್ಮ ಪಾಲುದಾರನೂ ಅಂಥವನೇ, ಪಕ್ಕದಂಗಡಿಯ ಬೋರ್ಡಲ್ಲಿ ಒಂದಕ್ಷರ ತಪ್ಪಿದ್ರೂ ಏಣಿ ತಂದು ತಿದ್ದುತಾನಂತೆ. ಇಂಥವನ ಹತ್ರ ಪ್ರಶ್ನೆ ಕೇಳಬೇಡಿ. ತಪ್ಪು ಹೇಳ್ತಾ ಹೋಗಿ. ಮೊದಲು ಸಣ್ಣದು, ಆಮೇಲೆ ದೊಡ್ಡದು."

"ಬಾಯಿ ಬಿಟ್ಟೇ ಬಿಡ್ತಾನಾ?"

"ಊಹೆ. ಆಧಾರ ಇರೋ ಊಹೆ."

"ತಪ್ಪು ನಾನೇ ಹೇಳಬೇಕಾ?"

"ಅಕ್ಕನ್ನ ವಿಚಾರಿಸಿದೆ. ಆ ವಿದ್ಯೆ ನಿಮಗೆ ಹುಟ್ಟಿನಿಂದಲೇ ಬಂದಿದೆಯಂತೆ."

ಇನ್ಸ್‌ಪೆಕ್ಟರು ಪಾಲುದಾರನ ಎದುರು ಕುಳಿತರು. ತಜ್ಞೆ ಗಾಜಿನ ಗೋಡೆಯ ಆಚೆ ನಿಂತಳು.

"ನೀನು ಬೀಗ ರಿಪೇರಿ ಮಾಡೋನು," ಎಂದು ಅವರು ಆರಂಭಿಸಿದರು.

ಪಾಲುದಾರನ ಹುಬ್ಬು ಅಲುಗಿತು.

"ಬೀಗಕ್ಕೂ ಗಡಿಯಾರಕ್ಕೂ ಏನು ವ್ಯತ್ಯಾಸ ಬಿಡು. ಚಿಕ್ಕ ಮುಳ್ಳು ನಿಮಿಷ ತೋರಿಸುತ್ತೆ, ದೊಡ್ಡದು ಗಂಟೆ."

"ದೊಡ್ಡದು ನಿಮಿಷ," ಎಂದಿತು ಇಡೀ ದಿನ ಮುಚ್ಚಿದ್ದ ಬಾಯಿ.

ಗಾಜಿನಾಚೆ ತಜ್ಞೆ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡಳು. ಇನ್ಸ್‌ಪೆಕ್ಟರಿಗೆ ತಪ್ಪಿನ ಅಮಲು ತಲೆಗೇರಿತು. ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ವಿದ್ಯೆಗೆ ಸರ್ಕಾರಿ ಅನುಮತಿ ಸಿಕ್ಕಿತ್ತು. ಗಡಿಯಾರಕ್ಕೆ ತೆಂಗಿನೆಣ್ಣೆ ಹಾಕಬೇಕೆಂದರು. ವಾರಕ್ಕೊಮ್ಮೆ ಸೋಪು ಹಚ್ಚಿ ತೊಳೆಯಬೇಕೆಂದರು. ಎದುರಿನವನು ಹಲ್ಲು ಕಡಿಯುತ್ತ ಒಂದೊಂದನ್ನೂ ತಿದ್ದಿದ.

"ಇರಲಿ. ಯಜಮಾನರನ್ನ ಸುತ್ತಿಗೆಯಲ್ಲಿ ಹೊಡೆದು ನದಿಗೆ ಎಸೆದೆ."

"ಸುತ್ತಿಗೆ ಅಲ್ಲ, ಸ್ಟೂಲು. ಎಸೆಯೋದು ಯಾಕೆ? ತಲೆಗೆ ಬಟ್ಟೆ ಕಟ್ಟಿದೀನಿ."

"ನದಿ ದಡದಲ್ಲಿ ಬಿಟ್ಟೆ. ಒಂದು ತೊಟ್ಟು ನೀರೂ ಇಡದೆ."

"ನೀರು ಇಟ್ಟಿದೀನಿ. ದಡ ಅಂತೆ ದಡ. ಹಳೇ ಬಿಸ್ಕತ್ತು ಗೋದಾಮು, ನೆಲಮಾಳಿಗೆ."

ಇನ್ಸ್‌ಪೆಕ್ಟರು ವೈರ್‌ಲೆಸ್ ಹಿಡಿದು ಎದ್ದರು. ಹತ್ತಿದ ಅಮಲು ಅಷ್ಟು ಬೇಗ ಇಳಿಯುವುದಿಲ್ಲ.

"ಗೋದಾಮಿಗೆ ಹೊರಡಿ. ಹಳೇ ಬಿಸ್ಕತ್ತು ಗೋದಾಮು. ಎರಡನೇ ಮಹಡಿ."

"ನೆಲಮಾಳಿಗೆ ಅಂದೆನಲ್ಲ ಸಾರ್," ಎಂದ ಪಾಲುದಾರ, ಅಸಹ್ಯದಿಂದ. "ಎಡಗಡೆ ಬಾಗಿಲು. ನೀವು ಬಲಗಡೆ ಅಂತೀರಿ, ನನಗೆ ಗೊತ್ತು."

ಆಡಿದ ಮಾತು ಆಗ ಅವನಿಗೆ ಕೇಳಿಸಿತು. ಅವನು ಮೇಜಿನ ಮೇಲೆ ತಲೆಯಿಟ್ಟ.

ಕಾರಿಡಾರಿನಲ್ಲಿ ಭಾವ, ನಾದಿನಿ, ಮಗಳು ಮೂವರೂ ವೈರ್‌ಲೆಸ್ಸಿಗೆ ಕಿವಿಯಾಗಿ ನಿಂತರು. ಬಹಳ ಹೊತ್ತು ಬರೀ ಗರಗರ ಸದ್ದು. ಆಮೇಲೆ ಕಾನ್‌ಸ್ಟೇಬಲನ ದನಿ: "ಸಿಕ್ಕಿದ್ರು ಸಾರ್. ಉಸಿರಿದೆ. ಬೈಗುಳವೂ ಇದೆ."

ಇನ್ಸ್‌ಪೆಕ್ಟರು ಟೋಪಿಯನ್ನು ಸೂರಿಗೆಸೆದು ಕುಣಿದರು. ತಜ್ಞೆ ನಗುತ್ತ ಗೋಡೆಗೊರಗಿ ಹಾಗೆಯೇ ನೆಲಕ್ಕೆ ಜಾರಿದಳು.

"ಯಾರಿಗೆ ಬೈತಿದಾರೆ?" ಎಂದಳು ಮಗಳು, ವೈರ್‌ಲೆಸ್ಸಿಗೆ ಬಾಗಿ.

"ನಿಮಗೇ ಮೇಡಂ. ಅಪ್ಪ ರಾತ್ರಿ ಮನೆಗೆ ಬರಲಿಲ್ಲ, ಮಗಳಾದವಳು ಒಂದು ಫೋನಾದರೂ ಮಾಡಬಾರದಾ ಅಂತ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆಯದೆ ಜೀಪಿನತ್ತ ಓಡಿದಳು. ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು.