ನಡುಗದ ದನಿ

ಚಾಕುವಿನ ತುದಿ ಸಿಂಪಿಯ ಸಂದಿಗೆ ಸಿಕ್ಕಿತು, ಸಿಕ್ಕಿ ಜಾರಿತು, ಎಷ್ಟು ಬಿಗಿಯಾಗಿ ಬಾಯಿ ಕಚ್ಚಿಕೊಂಡಿದೆ ಇದು, ಹಟಮಾರಿ — ಒಕ್‌ಬುನ್ ಮಣಿಕಟ್ಟು ತಿರುಗಿಸಿದಳು, ಚಟ್ಟೆಂದಿತು, ಬಿಳಿ ಮಾಂಸ ಬೋಗುಣಿಗೆ ಬಿತ್ತು, ಇನ್ನೊಂದನ್ನು ಎತ್ತಿಕೊಂಡಳು, ಬಾಗಿಲ ಕಡೆ ನೋಡಬಾರದು, ನೋಡಿದರೆ ಮಗಳು ಕಾಣುತ್ತಾಳೆ, ಹ್ಯೋರಿಮ್, ಶೆಡ್ಡಿನಾಚೆ ಬೆಂಕಿಯ ಡಬ್ಬದ ಪಕ್ಕ ಕೋಟಿನ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದಾಳೆ, ಬೇಸಿಗೆಯಿಂದ ಒಂದು ಫೋನೂ ಮಾಡದವಳು ಇವತ್ತು ನೇರ ಇಲ್ಲಿಗೇ ಬಂದಿದ್ದಾಳೆ. ನಾಳೆ ಇಂಚಾನ್‌ಗೆ ಮನೆ ಸಾಗಿಸ್ತಾ ಇದೀವಮ್ಮ, ಆಮೇಲೆ ಈ ಕಡೆ ಬರಲ್ಲ, ಒಂದೇ ಮಾತು ಕೇಳ್ಕೊಂಡು ಹೋಗಕ್ಕೆ ಬಂದೆ, ನನ್ನ ಮಗು ಹೋದಾಗ ನಿನ್ನ ದೇವರಿಗೆ ಏನಾದ್ರೂ ಅನ್ಸ್ತಾ, ಇಲ್ವಾ, ಪುಸ್ತಕದ ಉತ್ತರ ಬೇಡ, ಅಳು ಬಂತಾ ಅವನಿಗೆ, ಅಷ್ಟು ಹೇಳು. ಈ ಕುಕ್ಕೆ ಮುಗಿಸಿ ಬರ್ತೀನಿ ತಾಳೇ, ಎಂದುಬಿಟ್ಟಳಲ್ಲ ತಾನು, ಪುಕ್ಕಲಿ, ಕುಕ್ಕೆಯಂತೆ ಕುಕ್ಕೆ, ಅರ್ಧ ದಿನದ ಕೂಲಿ ಹೋದರೆ ಲೋಕ ಮುಳುಗುತ್ತಿತ್ತೇ, ಆದರೆ ಬರಿಗೈಯಲ್ಲಿ ಅವಳ ಮುಂದೆ ಹೋಗಿ ನಿಂತು ಏನು ಹೇಳುವುದು, ಇವತ್ತು ಹೀಗೇ ಹೋದರೆ ಹೋದಳು, ಇದ್ದವಳು ಒಬ್ಬಳೇ ಮಗಳು, ಅವಳೂ ಹೋದ ಹಾಗೆ.

ಪಕ್ಕದ ಮಣೆಯ ಮಾಲ್‌ಸುನ್‌ಗೆ ಎಲ್ಲ ಕೇಳಿಸಿದೆ, ಕೇಳಿಸದೆ ಇರುತ್ತದೆಯೇ, ಅವಳ ಕಿವಿ ಬಂದರಿನ ತುದಿಯವರೆಗೂ ಹೋಗುತ್ತದೆ, ದೇವರು ಅತ್ತ ಅಂತ ಹೇಳಿ ಮುಗ್ಸೇ, ಅದಕ್ಕೇನು ಇಷ್ಟು ಯೋಚ್ನೆ, ನಮ್ಮ ಚರ್ಚಲ್ಲಿ ಬೆಳಗಿನ ಜಾವ ಎಲ್ರೂ ಸೇರಿ ಕೂಗಾಡಿ ಅಳ್ತೀವಿ, ದೇವರೂ ಅಳ್ತಾನೆ ಅಂತ ನಮ್ಮ ಪಾಸ್ಟರ್ ಹೇಳ್ತಾರೆ, ನೀವು ಕಥೋಲಿಕರು ಎಲ್ಲಾದಕ್ಕೂ ರಾಗ ಹಾಕಿ ಹಾಕಿ ದೇವರನ್ನೂ ಮಲಗಿಸಿಬಿಟ್ಟಿದೀರ. ಸುಮ್ಮನಿರೇ ಮಾರಾಯ್ತಿ. ಹಾಗೆ ಹೇಳಿ ಮುಗಿಸುವುದು ಸುಲಭ, ಆದರೆ ಒಕ್‌ಬುನ್ ಕಲಿತದ್ದು ಬೇರೆ, ಈಸ್ಟರ್ ಹಬ್ಬಕ್ಕೆ ಮುಂಚೆ ಗುರುಗಳು ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಧರ್ಮೋಪದೇಶದ ಪರೀಕ್ಷೆ ಮಾಡುತ್ತಿದ್ದ ಕಾಲ, ಅಜ್ಜಂದಿರೂ ಟೊಪ್ಪಿ ತೆಗೆದು ಕೈಕಟ್ಟಿ ತಡವರಿಸುತ್ತಿದ್ದರು, ಅವಳಿನ್ನೂ ಹಲ್ಲು ಬಿದ್ದ ಹುಡುಗಿ, ಮೊಣಕಾಲು ಊರಿದ ಚಾಪೆಯ ಗೀರು ಚರ್ಮದ ಮೇಲೆ, ದೇವರಿಗೆ ದುಃಖವಾಗುತ್ತದೆಯೇ ಅಗಾತಾ, ಎಂದು ಅವಳ ಜ್ಞಾನಸ್ನಾನದ ಹೆಸರು ಹಿಡಿದು ಕೇಳಿದರು, ಇಲ್ಲ ಗುರುಗಳೇ, ದೇವರಿಗೆ ದೇಹವಿಲ್ಲ, ಅವನು ಬದಲಾಗುವವನಲ್ಲ, ದುಃಖಪಟ್ಟ ಎಂದು ಬರೆದಿರುವುದು ನಮ್ಮ ಸಣ್ಣ ಬುದ್ಧಿಗೆ ತಿಳಿಯಲೆಂದು — ಒಂದಕ್ಷರ ತಪ್ಪಲಿಲ್ಲ, ಶಭಾಷ್ ಎಂದರು, ಅವ್ವ ಆ ರಾತ್ರಿ ಅವಳ ಅನ್ನದ ಬಟ್ಟಲಿಗೆ ಮೊಟ್ಟೆ ಒಡೆದು ಹಾಕಿದಳು. ಅದೇ ಪ್ರಶ್ನೆಯನ್ನು ಕಳೆದ ತಿಂಗಳು ಈಗಿನ ಎಳೆಯ ಗುರುಗಳ ಹತ್ತಿರ ತಾನೇ ಕೇಳಿದಳು, ಬದಲಾಗಲ್ಲ ಅಂದ್ರೆ ಕಲ್ಲು ಅಂತಲ್ಲ ಅಗಾತಮ್ಮ, ಅವನ ಪ್ರೀತಿ ಏರೋದೂ ಇಲ್ಲ ಇಳಿಯೋದೂ ಇಲ್ಲ, ಯಾವಾಗ್ಲೂ ತುಂಬಿರುತ್ತೆ, ಎಂದರು ಪಾಪ, ಒಳ್ಳೆಯ ಹುಡುಗ, ಸಮುದ್ರದ ಪಕ್ಕ ಹುಟ್ಟಿದವನಲ್ಲ, ಏರದ ಇಳಿಯದ ನೀರನ್ನು ಇಲ್ಲಿ ಯಾರೂ ಸಮುದ್ರ ಅನ್ನುವುದಿಲ್ಲ. ಮೊಮ್ಮಗ ಜಿಹಾನ್ ಸಿಂಪಿಯನ್ನು ಬಾಯಿಗೆ ಇಡುತ್ತಿರಲಿಲ್ಲ, ಅಜ್ಜಿ ಇದು ಸಮುದ್ರದ ಸಿಂಬಳ, ಎಂದು ಮೂಗು ಮುಚ್ಚಿಕೊಂಡು ಓಡುತ್ತಿದ್ದ, ನಾಲ್ಕು ವರ್ಷದವನು, ಸಂಜೆ ಬಂದ ಜ್ವರ ಬೆಳಗಾಗುವುದರೊಳಗೆ ತಲೆಗೇರಿತು.

ಬೇಡ, ಆ ದಿನ ಬೇಡ, ಆದರೆ ಕೈ ತನ್ನಷ್ಟಕ್ಕೆ ಸಿಂಪಿ ಬಿಡಿಸುತ್ತಿದೆ, ಮನಸ್ಸು ತನ್ನಷ್ಟಕ್ಕೆ ಅಲ್ಲಿಗೇ ಹೋಗುತ್ತದೆ, ಬಿಳಿ ಸೇವಂತಿಗೆ, ಶಿಶುವಿಹಾರದ ಹಳದಿ ಟೊಪ್ಪಿ ಹಾಕಿದ ಫೋಟೊ, ನೆಲದ ಮೇಲೆ ಎದುರುಬದುರು ಎರಡು ಸಾಲು ಕೂತ ಹೆಂಗಸರು, ಸತ್ತವರಿಗಾಗಿ ಒಂದು ಸಾಲು ಹಾಡಬೇಕು, ಇನ್ನೊಂದು ಸಾಲು ಉತ್ತರ ಕೊಡಬೇಕು, ಊರಿನ ಎಷ್ಟು ಶವಗಳ ಮುಂದೆ ಅವಳೇ ಎತ್ತಿಕೊಟ್ಟ ರಾಗ ಅದು. ನೀವಿವತ್ತು ಸುಮ್ನೆ ಕೂತ್ಕೊಳ್ಳಿ ಅಕ್ಕ, ಬೇರೆಯವರು ಹಾಡ್ತಾರೆ, ಅಂದರು, ನನ್ನ ಮೊಮ್ಮಗನಿಗೆ ನಾನೇ ಹಾಡ್ತೀನಿ, ಅಂದಳು, ಯಾವ ಜಂಬವೋ, ಪುಸ್ತಕ ತೆರೆಯಲಿಲ್ಲ, ಬಾಯಿಪಾಠವಲ್ಲವೇ. ಜ್ಞಾನಸ್ನಾನವಾದ ಎಳೆಮಗುವಿಗೆ ಆ ಪ್ರಾರ್ಥನೆ ಇಲ್ಲ, ಬುದ್ಧಿ ತಿಳಿಯದ ಕೂಸಿಗೆ ಪಾಪವೇ ಇಲ್ಲ, ನೇರ ಸ್ವರ್ಗ, ಅದಕ್ಕೆ ಬೇರೆ ಪ್ರಾರ್ಥನೆ ಇದೆ, ಅದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು, ಆದರೆ ನಾಲಿಗೆ ರೂಢಿಯ ದಾರಿ ಹಿಡಿಯಿತು, ಇವನ ಪಾಪಗಳನ್ನು ಮನ್ನಿಸು ಪ್ರಭುವೇ — ಹ್ಯೋರಿಮ್ ಎದ್ದು ನಿಂತಳು, ಏನ್ ಪಾಪ ಮಾಡಿದ್ದ, ನನ್ನ ಮಗ ಏನ್ ಪಾಪ ಮಾಡಿದ್ದ ಹೇಳಮ್ಮ. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಸಾಲಿನ ನಡುವೆ ರಾಗ ಮುರಿಯಬಾರದು, ಮುರಿದರೆ ಎದುರಿನವರು ಎಲ್ಲಿಂದ ಎತ್ತಿಕೊಳ್ಳಬೇಕು, ಅಷ್ಟೇ ತಲೆಯಲ್ಲಿದ್ದದ್ದು, ಮಗಳ ಕೂಗಿನ ಮೇಲೇ ಆ ಸಾಲನ್ನು ಕೊನೆಯವರೆಗೆ ಎಳೆದಳು, ಎದುರಿನ ಹೆಂಗಸರಲ್ಲಿ ಅರ್ಧ ಜನ ಹಾಡಿದರು, ಅರ್ಧ ಜನ ಬಾಯಿಗೆ ತಲೆಯ ಬಿಳಿ ಮುಸುಕು ಹಿಡಿದರು. ಆಮೇಲೆ ಊಟದ ಕಡೆ ಯಾರೋ ಅಂದದ್ದು, ಅಗಾತಾ ಅಕ್ಕನ ದನಿ ನೋಡಿ, ಮೊಮ್ಮಗನ ಮುಂದೂ ನಡುಗಲಿಲ್ಲ. ಹೊಗಳಿಕೆಯೇ ಅದು. ಹ್ಯೋರಿಮ್ ಕೇಳಿಸಿಕೊಂಡಳು, ತಿರುಗಿ ಅಮ್ಮನ ಮುಖ ನೋಡಿದಳು, ಬದಲಾಗದ ಮುಖ, ಒದ್ದೆಯಾಗದ ಕಣ್ಣು, ಅವತ್ತೇ ಹೋದದ್ದು ಅವಳು, ಇಂಚಾನ್‌ಗೆ ನಾಳೆ ಹೋಗುವುದು ಬರೀ ಸಾಮಾನು.

ಹಾಗಾದರೆ ಇವಳು ಕೇಳುತ್ತಿರುವುದು ಯಾರ ವಿಚಾರ — ಚಾಕು ಕೈಗವಸಿಗೆ ತಾಗಿತು, ರಕ್ತವಿಲ್ಲ, ಇನ್ನೊಂದು ಸಿಂಪಿ, ಇನ್ನೊಂದು. ಯೇಸು ಅತ್ತನಲ್ಲ, ಗೆಳೆಯ ಲಾಜರ ಸತ್ತಾಗ, ಅದು ಎಲ್ಲರಿಗೂ ಗೊತ್ತು, ಎಷ್ಟು ಸಲ ಕೇಳಿಲ್ಲ, ಆದರೆ ಈಗ ಹೊಸದಾಗಿ ಕಾಣುತ್ತಿದೆ, ಅವನು ಎಬ್ಬಿಸಲೆಂದೇ ಬಂದವನು, ಇನ್ನೊಂದು ಗಳಿಗೆಯಲ್ಲಿ ಲಾಜರ ಎದ್ದು ಬರುತ್ತಾನೆಂದು ಗೊತ್ತಿದ್ದವನು, ಮತ್ತೆ ಯಾಕೆ ಅತ್ತ, ಕರೆದುಬಿಟ್ಟರೆ ಆಗುತ್ತಿತ್ತು, ಕರೆಯಲಿಲ್ಲ, ಮೊದಲು ಅತ್ತ, ಲಾಜರನ ಅಕ್ಕತಂಗಿಯರು ಅಳುತ್ತಿದ್ದರು ಅದಕ್ಕೆ ಅತ್ತ, ಸಮಾಧಿಗೆ ಮುಚ್ಚಿದ ಬಂಡೆಯ ಮುಂದೆ ನಿಂತು ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾನೆ, ತೋಳು ಒದ್ದೆ, ಅಷ್ಟು ಜನರೆದುರು, ದನಿ ಒಡೆದುಹೋಗಿದೆ, ಎಲ್ಲ ತಿಳಿದವನು. ಬದಲಾಗದವನೇ ದೇಹ ತೊಟ್ಟು ಬಂದು ಅಳುವುದಾದರೆ ತನಗೇನು ಧಾಡಿಯಾಗಿತ್ತು. ಕುಕ್ಕೆಗೆ ಕೈ ಹಾಕಿದಳು, ತಳ ಸಿಕ್ಕಿತು, ಮಾಲ್‌ಸುನ್ ತನ್ನ ಕುಕ್ಕೆಯಿಂದ ಎರಡು ಹಿಡಿ ಸುರಿಯಲು ಬಂದವಳು ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡಳು, ಹೋಗೇ, ಎಂದಳು, ಅಷ್ಟೇ. ಚಿಪ್ಪಿನ ರಾಶಿ ದಾಟಿ, ಗಾಳಿ, ಉಪ್ಪು, ಹೊಗೆ, ಹ್ಯೋರಿಮ್ ಎಷ್ಟು ಇಳಿದುಹೋಗಿದ್ದಾಳೆ, ಕೋಟು ಬೇರೆಯವರದ್ದರ ಹಾಗಿದೆ. ಅತ್ತ ಮಗಳೇ, ಎಂದಳು, ಲಾಜರನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ರೂ ಅತ್ತ, ಸುಮ್ನೆ ನಿಂತು ಅತ್ತ. ಹ್ಯೋರಿಮ್ ಬೆಂಕಿಯನ್ನೇ ನೋಡುತ್ತ, ಮೆಲ್ಲಗೆ, ಮತ್ತೆ ನೀನಮ್ಮ, ನೀನ್ಯಾಕೆ ಅಳ್ಲಿಲ್ಲ. ಇದಕ್ಕೆ ಉತ್ತರದ ಸಾಲು ಬರಬೇಕು, ಯಾವಾಗಲೂ ಮುಂದಿನ ಸಾಲು ಬರುತ್ತಿತ್ತು, ನಾನು, ಎಂದಳು, ನಾನು ಅವತ್ತು — ದನಿ ಅಲ್ಲೇ ಮುರಿಯಿತು, ಬಂಡೆ ಇನ್ನೂ ಸರಿದಿಲ್ಲ, ಅವನು ಇನ್ನೂ ಕರೆದಿಲ್ಲ, ತೋಳು ಮುಖದ ಮೇಲಿದೆ, ಉಪ್ಪುನೀರು ಮೆತ್ತಿದ ತೋಳು, ಚಿಪ್ಪಿನ ಚೂರು ಅಂಟಿದ ತೋಳು, ತನ್ನದೇ ತೋಳು, ಮುಖದ ಮೇಲಿದೆ, ಇಳಿಯುತ್ತಿಲ್ಲ.