ಸ, ಗ, ಪ

ಒಳಕೋಣೆಯಿಂದ ಸ್ವರವೊಂದು ಕೇಳಿದ್ದೇ ತಡ, ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಎಸ್ತರ್ ದಡಕ್ಕನೆ ಎದ್ದಳು. "ಬಂದೆರಿ" ಎಂಬ ಮಾತು ಬಾಯಿಂದ ಬಂದೇಬಿಟ್ಟಿತ್ತು. ಅಳುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು.

"ಎಲ್ಲಿಗೆ ಹೊಂಟೀರಿ ವೈನಿ? ಕುಂದರ್ರಿ." ಗಂಡನ ತಂಗಿ ಶ್ಯಾರನ್ ಅವಳ ಕೈ ಹಿಡಿದು ಜಗ್ಗಿದಳು. "ನಮ್ಮ ಜಾಯ್ ಕಂಪ್ಯೂಟರ್ ಹಚ್ಯಾನ. ಅಣ್ಣ ರಾಗ ಕಟ್ಟಿದ ಕಡೀ ಹಾಡು ಸಮಾಧಿ ಹಂತೇಕ ಹಾಡೂನು ಅಂತ ಚರ್ಚಿನ ಅಯ್ಯನೋರು ಹೇಳ್ಯಾರ. ಪ್ರಿಂಟ್ ತಗೀಬೇಕಲ್ಲ."

"ಪ್ರಿಂಟ್ ಅಷ್ಟ ತಗೀಲಿ. ಬ್ಯಾರೆ ಏನೂ ಮುಟ್ಟಬ್ಯಾಡ ಅಂತ ಮಗಗ ಹೇಳವಾ."

"ಹೂಂ, ಹೇಳ್ತೇನಿ" ಎಂದ ಶ್ಯಾರನ್ ಕೂತಲ್ಲಿಂದ ಏಳಲಿಲ್ಲ. ಅಷ್ಟರಲ್ಲಿ ರಾಯಾಪುರದ ಬಳಗ ಬಂತು, ಅವರನ್ನು ತಬ್ಬಿ ಅಳುವುದೇ ಆಯಿತು. ಸಾವಿನ ಮನೆಯಲ್ಲಿ ಹೆಂಡತಿಯ ಅಳು ಎಲ್ಲರಿಗೂ ಬೇಕು, ಮಾತು ಯಾರಿಗೂ ಬೇಡ.

*

ಎಸ್ತರಳ ಗಂಡ ಬೆಂಜಮಿನ್, ಚರ್ಚಿನ ಗಾಯನ ತಂಡಕ್ಕೆ ಹಾಡು ಕಲಿಸುತ್ತಿದ್ದ. ಹಾರ್ಮೋನಿಯಂ ಮೇಲೆ ಸರಿಗಮ ಕಲಿತವನಿಗೆ ಸ್ವರ ಬರೆಯುವ ಸಾಫ್ಟ್‌ವೇರ್ ತಲೆಗೆ ಹತ್ತಲೊಲ್ಲದು. ಅದಕ್ಕೆ ಗೊತ್ತಿದ್ದದ್ದು ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗಿರುವ ಎ-ಯಿಂದ ಜಿ-ವರೆಗಿನ ಇಂಗ್ಲಿಷ್ ಅಕ್ಷರ ಮಾತ್ರ.

"ನೋಡಿಲ್ಲೆ ಎಸ್ತರ್! 'ಗ' ಬರಲಿ ಅಂತ ಜಿ ಒತ್ತಿದ್ರ ಇದು 'ಪ' ಅಂತೈತಿ. ಎಸ್ ಒತ್ತಿದ್ರ ಬಾಯೀನ ಬಿಡೂದಿಲ್ಲ."

ಹಟ ಹಿಡಿದು ಕೂತು ಕೀಗಳನ್ನೆಲ್ಲ ತನಗೆ ಬೇಕಾದಂತೆ ಬದಲಿಸಿಕೊಂಡ. ಎಸ್ ಒತ್ತಿದರೆ ಸ, ಜಿ ಒತ್ತಿದರೆ ಗ, ಪಿ ಒತ್ತಿದರೆ ಪ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಹೋದ ವರ್ಷ ಗಂಟಲಿನ ಹುಣ್ಣು ಕ್ಯಾನ್ಸರ್ ಎಂದಾಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಒಂದು ಮುಂಜಾನೆ ಎಸ್ತರ್ ರೊಟ್ಟಿ ಬಡಿಯುತ್ತಿದ್ದಾಗ ಕೋಣೆಯಿಂದ ಮೂರು ಸ್ವರ ಕೇಳಿದವು: ಸ, ಗ, ಪ. ತುಸು ತಡೆದು ಮತ್ತೆ ಅವೇ ಮೂರು. ಹೋಗಿ ನೋಡಿದರೆ ಕೀಬೋರ್ಡಿನ ಮುಂದೆ ಕೂತಿದ್ದ. ಅವಳತ್ತ ಬೆರಳು ತೋರಿಸಿ ಇನ್ನೊಮ್ಮೆ ಒತ್ತಿದ. ತನ್ನ ಹೆಸರು ಅದು ಎಂದು ತಿಳಿದಾಗ ಎಸ್ತರ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಅಂದಿನಿಂದ ನೀರಿಗೆ, ಔಷಧಕ್ಕೆ, ಸುಮ್ಮನೆ ಪಕ್ಕದಲ್ಲಿ ಕೂರಲಿಕ್ಕೆ, ಎಲ್ಲಕ್ಕೂ ಅದೇ ಕರೆ. "ಬಂದೆರಿ" ಎಂದು ಓಡುವುದು ಅವಳಿಗೆ ರೂಢಿಯಾಯಿತು. ಅವನು ಹಾಡಿದ ದನಿ ಊರವರ ಮೊಬೈಲಿನಲ್ಲೆಲ್ಲ ಇತ್ತು, ಈ ಕರೆ ಮಾತ್ರ ಅವಳೊಬ್ಬಳದು. ಮಣ್ಣು ಮಾಡಿ ಬಂದಮೇಲೆ ಒಮ್ಮೆ ಒತ್ತಿ ಕೇಳಬೇಕು ಎಂದು, ಅದೊಂದಕ್ಕೇ ಜೀವ ಹಿಡಿದುಕೊಂಡು ಇವತ್ತು ಮುಂಜಾನೆಯಿಂದ ಕೂತಿದ್ದಳು.

*

ಸಮಾಧಿಯ ಬಳಿ ಹಾಡು ಚೆನ್ನಾಗಿಯೇ ಆಯಿತು. ಎಲ್ಲರೂ ಮಣ್ಣು ಹಾಕಿ ಗೇಟಿನತ್ತ ನಡೆಯುವಾಗ ಜಾಯ್ ಅವಳ ಜೊತೆಗೂಡಿದ.

"ಕಡೀ ಸಾಲು ಅರ್ಧಕ್ಕ ನಿಂತಿತ್ರಿ ಅತ್ತಿ, ನಾನ ತುಂಬಿದೆ. ಮಾಮಾ ಕೀ ಎಲ್ಲಾ ಅದಲಾಬದಲಾ ಮಾಡಿಟ್ಟಿದ್ರು. ಒಂದು ಒತ್ತಿದ್ರ ಇನ್ನೊಂದು ಬರ್ತಿತ್ತು. ರೀಸೆಟ್ ಹೊಡದೆ ನೋಡ್ರಿ, ಈಗ ಎಲ್ಲಾ ಮೊದಲಿನಂಗ ಸರಿ ಆತು."

ಎಸ್ತರ್ ನಿಂತು ಅವನತ್ತ ತಿರುಗಿದಳು. ಹುಡುಗನ ಕಣ್ಣು ಅತ್ತು ಅತ್ತು ಬಾತಿದ್ದವು.

"ಛಲೋ ಮಾಡ್ದಿ ತಮ್ಮಾ" ಎಂದಳು.

ಮನೆಗೆ ಬಂದು ಬಳಗವೆಲ್ಲ ಪಡಸಾಲೆಯಲ್ಲಿ ಚಹಾಕ್ಕೆ ಕೂತಾಗ ಅವಳು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಕಂಪ್ಯೂಟರಿನಲ್ಲಿ ಹಾಡು ತೆರೆದೇ ಇತ್ತು. ಆ ಮೂರು ಕೀಗಳನ್ನು ಹುಡುಕುವುದು ಕಷ್ಟವಾಗಲಿಲ್ಲ, ಒತ್ತಿ ಒತ್ತಿ ಅವುಗಳ ಮೇಲಿನ ಅಕ್ಷರವೇ ಅಳಿಸಿಹೋಗಿತ್ತು.

ಮೊದಲನೆಯದನ್ನು ಒತ್ತಿದಳು. ಟಕ್ ಎಂದಿತು, ಸ್ವರ ಬರಲಿಲ್ಲ. ಎರಡನೆಯದನ್ನು ಒತ್ತಿದರೆ ಗ ಇರಬೇಕಾದಲ್ಲಿ ಪ ಕೂಗಿತು. ಮೂರನೆಯದು ಮತ್ತೆ ಬರೀ ಟಕ್.

"ಸರಿ ಐತಿಲ್ರಿ ಅತ್ತಿ ಈಗ?" ಹೊರಗಿನಿಂದ ಜಾಯ್ ಕೇಳಿದ.

ಎಸ್ತರ್ ಮತ್ತೆ ಒತ್ತಿದಳು. ಟಕ್. ಪ. ಟಕ್.