ಜಿಪ್ಪಿಗೆ ಬಾಲ ಬಂದದ್ದು

ಮೇಸ್ತ್ರಿ ಮಹಡಿಯಿಂದ ಇಳಿದು ಬರುವಾಗ ಅವನ ಕೈಯಲ್ಲಿ ಒಂದು ಜಾಕೆಟ್ಟಿತ್ತು, ಜಾಕೆಟ್ಟಿಗೆ ಒಂದು ಬಾಲವಿತ್ತು. ಕೆಂಪು ಹುರಿಯ ಆ ಬಾಲವನ್ನು ದೂರದಿಂದಲೇ ಕಂಡ ಜಿಪ್ಪಕ್ಕ ಏರಿಸುತ್ತಿದ್ದ ಜಿಪ್ಪನ್ನು ಅರ್ಧಕ್ಕೇ ಬಿಟ್ಟಳು. ಎದುರಿನ ಮೇಜಿನಲ್ಲಿ ಜಾಕೆಟ್ಟು ಮಡಚುತ್ತಿದ್ದ ಸೊಸೆಯ ಕಡೆ ನೋಡಿದಳು. ಸೊಸೆ ಆಗಲೇ ತಲೆ ಬಗ್ಗಿಸಿ, ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದಳು.

"ಇದ್ಯಾರ ಕೆಲಸ?" ಮೇಸ್ತ್ರಿ ಜಾಕೆಟ್ಟನ್ನು ಎತ್ತಿ ಹಿಡಿದು ಕೇಳಿದ. ಇಪ್ಪತ್ತು ಹೊಲಿಗೆ ಯಂತ್ರಗಳು ಒಂದೊಂದಾಗಿ ಸುಮ್ಮನಾದವು. "ಬೆಟ್ಟ ಹತ್ತೋರಿಂದ ಇದು ವಾಪಸ್ ಬಂದಿದೆ. ಜೊತೆಗೆ ಕಾಗದ ಬೇರೆ. ಯಜಮಾನರು ಊಟ ಆದ್ಮೇಲೆ ಖುದ್ದಾಗಿ ಕೆಳಗೆ ಬರ್ತಾರಂತೆ. ಇಲ್ಲಿ ಯಾರು ಬಾಲ ಬಿಚ್ಚಿರೋದು ಅಂತ ಅಷ್ಟರಲ್ಲಿ ನಂಗೆ ಗೊತ್ತಾಗಬೇಕು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಾನು ತಮಾಷೆ ಮಾಡಿಬಿಟ್ಟೆನೆಂಬುದು ಮೇಸ್ತ್ರಿಗೆ ತಡವಾಗಿ ಹೊಳೆಯಿತು. ಅದಕ್ಕೇ ಇನ್ನಷ್ಟು ಸಿಡುಕುತ್ತ, ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಮಹಡಿ ಹತ್ತಿದ.

ಅದು ಹಿಮದ ಬೆಟ್ಟ ಹತ್ತುವವರಿಗೆ ಜಾಕೆಟ್ಟು, ಬೆನ್ನುಚೀಲ, ಡೇರೆ ಹೊಲಿದುಕೊಡುವ ಕಾರ್ಖಾನೆ. ಹೊಲಿಯುವವರಲ್ಲಿ ಒಬ್ಬರೂ ಆ ಕಟ್ಟಡದ ಮೆಟ್ಟಿಲಿಗಿಂತ ಎತ್ತರದ್ದೇನನ್ನೂ ಹತ್ತಿದವರಲ್ಲ. ಹತ್ತಿದವರು ಯಜಮಾನರು ಒಬ್ಬರೇ. ಹತ್ತಿದ್ದಕ್ಕೆ ಸಾಕ್ಷಿಯಾಗಿ ಬಲಗೈಯ ಮೂರು ಬೆರಳ ತುದಿಗಳನ್ನು ಹಿಮಕ್ಕೆ ಬಿಟ್ಟು ಬಂದಿದ್ದರು. ಆ ಕೈ ಸದಾ ಜೇಬಿನಲ್ಲೇ ಇರುತ್ತಿತ್ತು.

ಮೆಟ್ಟಿಲ ತಿರುವಿನಲ್ಲಿ ಅವರ ಗಾಜಿನ ಬೀರು. ಒಳಗೆ ಸಾಲಾಗಿ ಹಳೆಯ ಕಾಲದ ಕೋಟುಗಳು: ಮರದ ಗುಂಡಿಯ ಎಣ್ಣೆಬಟ್ಟೆ ಕೋಟು, ಆಮೇಲೆ ಹುಕ್ಕಿನದು, ಆಮೇಲೆ ಚಳಿಗೆ ಹೆಪ್ಪುಗಟ್ಟಿ ಕೈಕೊಡುತ್ತಿದ್ದ ಲೋಹದ ಜಿಪ್ಪಿನದು, ಕೊನೆಗೆ ಹಗುರ ಪ್ಲಾಸ್ಟಿಕ್ ಜಿಪ್ಪಿನದು. ಪ್ರತಿಯೊಂದರ ಕೆಳಗೂ ಚೀಟಿ, ಅದರಲ್ಲಿ ಅದನ್ನು ಮಾಡಿದವರ ಹೆಸರು. ಬಂದವರನ್ನೆಲ್ಲ ನಿಲ್ಲಿಸಿ ಯಜಮಾನರು ಆ ಚರಿತ್ರೆ ಹೇಳುತ್ತಿದ್ದರು. ಕಾರ್ಖಾನೆಯವರಿಗೆ ಅದು ಬಾಯಿಪಾಠ. ಗುಂಡಿಯಿಂದ ಹುಕ್ಕಿಗೆ ಬರುವಷ್ಟರಲ್ಲಿ ಟೀ ತಣ್ಣಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಜಿಪ್ಪಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಹೊಲಿದು ಬಂದ ಪ್ರತಿ ಜಾಕೆಟ್ಟಿನ ಜಿಪ್ಪನ್ನು ಹತ್ತು ಸಲ ಏರಿಸಿ, ಹತ್ತು ಸಲ ಇಳಿಸಿ ನೋಡುವುದು. ಅವಳು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದವಳು. ಕೆಟ್ಟ ಜಿಪ್ಪು ಮೊದಲೆಲ್ಲ ನಗುನಗುತ್ತ ಓಡಾಡಿ ಏಳನೇ ಸಲಕ್ಕೆ ಗೊಣಗುತ್ತದೆ ಎನ್ನುತ್ತಿದ್ದಳು. "ನಮ್ಮ ಮನೆಯವರ ಥರಾನೇ. ಮದುವೆಯಾಗಿ ಏಳನೇ ವರ್ಷಕ್ಕೇ ಅವರೂ ಶುರು ಮಾಡಿದ್ದು," ಎಂದು ಗಂಡನನ್ನೂ ಎಳೆದು ತರುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಜಿಪ್ಪು ಸರಿಯಿಲ್ಲವೆಂದು ಒಂದೇ ಒಂದು ಜಾಕೆಟ್ಟು ವಾಪಸ್ಸು ಬಂದಿರಲಿಲ್ಲ. ಅದು ಅವಳ ಹೆಮ್ಮೆ.

ಕಳೆದ ಚಳಿಗಾಲದಲ್ಲಿ ಅವಳ ಬೆರಳ ಗಂಟುಗಳು ಊದಿಕೊಂಡವು. ಜಿಪ್ಪನ್ನು ಎಳೆಯುವ ರನ್ನರ್ ಅಂದರೆ ಇಷ್ಟೇ ಇಷ್ಟು ತಗಡು. ಅದು ಬೆರಳಿನಿಂದ ಜಾರುತ್ತಿತ್ತು, ಹಿಡಿದರೆ ಜೀವ ಹೋಗುವಷ್ಟು ನೋವು. ಹೇಳೋಣವೆಂದರೆ ಗಡಿಯಾರದ ಭಯ. ಕೈ ಸೋತವರಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸುವುದು ಮೇಸ್ತ್ರಿಯ ಪದ್ಧತಿ. ಗುಂಡಿ ಹಾಕುತ್ತಿದ್ದ ಗೆಳತಿಗೆ ಎರಡು ವರ್ಷದ ಹಿಂದೆ ಸಿಕ್ಕಿತ್ತು. "ಇಡೀ ದಿನ ಅದರ ಮುಖ ನೋಡ್ಕೊಂಡು ಕೂತಿರ್ತೀನಿ ಕಣೇ. ಅದೂ ಹತ್ತು ನಿಮಿಷ ಹಿಂದೆ ಓಡುತ್ತೆ," ಎಂದು ಅವಳು ಅತ್ತುಕೊಂಡಿದ್ದಳು. ಜಿಪ್ಪಕ್ಕನಿಗೆ ಮನೆಯಲ್ಲಿ ಕೂರುವುದೆಂದರೆ ಆಗದು. ಈ ಇಪ್ಪತ್ತು ಯಂತ್ರಗಳ ಗದ್ದಲವಿಲ್ಲದೆ ಅವಳಿಗೆ ಊಟವೂ ರುಚಿಸುತ್ತಿರಲಿಲ್ಲ.

ಹಾಗಾಗಿ ಒಂದು ಉಪಾಯ ಹೂಡಿದಳು. ಜಾಕೆಟ್ಟಿನ ಟೋಪಿಗೆ ಪೋಣಿಸಿ ಉಳಿದ ಹುರಿಯ ತುಂಡುಗಳನ್ನು ರನ್ನರ್‌ನ ತೂತಿಗೆ ಸಿಕ್ಕಿಸಿ, ತುದಿಗೊಂದು ಗಂಟು ಹಾಕಿದಳು. ಗಂಟನ್ನು ಮುಷ್ಟಿಯಲ್ಲಿ ಹಿಡಿದೆಳೆದರೆ ಬೆರಳಿಗೆ ಕೆಲಸವೇ ಇಲ್ಲ. ಹತ್ತು ಸಲ ಏರಿಸಿ, ಇಳಿಸಿ, ಜಾಕೆಟ್ಟನ್ನು ಸೊಸೆಯ ಮೇಜಿಗೆ ದಾಟಿಸಿದರೆ, ಸೊಸೆ ಮಡಚುವ ಮೊದಲು ಕತ್ತರಿಯಿಂದ ಕಚಕ್ಕೆಂದು ಬಾಲ ಕತ್ತರಿಸುತ್ತಿದ್ದಳು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿಡಬೇಕೆಂಬುದಕ್ಕೂ ಜಗಳವಾಡುವ ಅತ್ತೆ ಸೊಸೆ ಈ ವಿಷಯದಲ್ಲಿ ಮಾತ್ರ ಒಂದೇ ಜೀವ.

ಎಡವಟ್ಟಾದದ್ದು ಕೆಲವು ತಿಂಗಳ ಹಿಂದೆ, ಸೊಸೆಗೆ ಹಲ್ಲುನೋವು ಬಂದ ದಿನ. ಅವಳು ಅರ್ಧ ದಿನ ರಜೆ ಹಾಕಿ ಹೋದಳು. ಅವಳ ಮೇಜಿಗೆ ಬಂದ ಬದಲಿಯವಳು ಬಾಲವೂ ಜಾಕೆಟ್ಟಿನದೇ ಇರಬೇಕೆಂದುಕೊಂಡು ಅವತ್ತಿನ ನಲವತ್ತು ಜಾಕೆಟ್ಟುಗಳನ್ನೂ ಹಾಗೇ ಮಡಚಿ ಪೆಟ್ಟಿಗೆಗೆ ತುಂಬಿದಳು. ಜಿಪ್ಪಕ್ಕನಿಗೆ ಅದು ನೆನಪಾದಾಗ ಲಾರಿ ಹೋಗಿ ಎರಡು ಗಂಟೆಯಾಗಿತ್ತು.

ಊಟದ ಹೊತ್ತಿನಲ್ಲಿ ಇಬ್ಬರೂ ಬಟ್ಟೆ ಥಾನುಗಳ ಹಿಂದೆ ಡಬ್ಬಿ ಬಿಚ್ಚಿ ಕೂತರು.

"ನಾನೇ ಕಟ್ಟಿದ್ದು ಅಂತೀನಿ ಅತ್ತೆ," ಎಂದಳು ಸೊಸೆ. "ನೋಡೋಕೆ ಚೆನ್ನಾಗಿರುತ್ತೆ ಅಂತ ಕಟ್ಟಿದೆ ಅಂತೀನಿ. ನಂಗಿನ್ನೂ ವಯಸ್ಸಿದೆ, ಬೈದು ಬಿಡ್ತಾರೆ."

"ನೀನಾ? ನಿನ್ನ ಶೂ ಲೇಸೇ ದಿನಕ್ಕೆ ಮೂರು ಸಲ ಬಿಚ್ಚಿಕೊಳ್ಳುತ್ತೆ. ಆ ಗಂಟು ನೀನು ಹಾಕಿದ್ದು ಅಂದ್ರೆ ಯಾರು ನಂಬ್ತಾರೆ?"

"ಇಂಥ ಹೊತ್ತಲ್ಲೂ ನನ್ನ ಹುಳುಕು ಹುಡುಕ್ತೀರಲ್ಲ!"

"ಸುಮ್ನೆ ಉಣ್ಣು. ತಪ್ಪು ನಂದು, ನಾನೇ ಹೇಳ್ತೀನಿ," ಎಂದಳು ಜಿಪ್ಪಕ್ಕ. ಹೇಳಿದ ಮೇಲೆ ಭಯವಾಯಿತು. ಸೊಸೆ ತನ್ನ ಡಬ್ಬಿಯ ಪಲ್ಯವನ್ನೆಲ್ಲ ಅತ್ತೆಯ ಡಬ್ಬಿಗೆ ಸುರಿದಳು.

ಯಜಮಾನರು ಬಂದರು. ಫ್ಯಾನಿನ ಕೆಳಗೂ ಬೆವರುವ ಮಧ್ಯಾಹ್ನ, ಆದರೂ ಮೈಮೇಲೆ ತೆಳು ಜಾಕೆಟ್ಟು. ಎಂದಿನಂತೆ ಜಿಪ್ಪು ಹಾಕಿರಲಿಲ್ಲ. ಅವರು ಹಾಗೆ ಬಿಟ್ಟುಕೊಂಡು ಓಡಾಡುವುದು ಸ್ಟೈಲು ಎಂದು ಕಾರ್ಖಾನೆಯೆಲ್ಲ ನಂಬಿತ್ತು. ಹಿಂದೆ ಮೇಸ್ತ್ರಿ, ಅವನ ಕೈಯಲ್ಲಿ ಬಾಲದ ಜಾಕೆಟ್ಟು.

"ಇದನ್ನ ಕಟ್ಟಿದ್ದು ಯಾರು?" ಯಜಮಾನರ ಮುಖದಲ್ಲಿ ಏನೂ ಓದಲಾಗಲಿಲ್ಲ.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಜಿಪ್ಪಕ್ಕ ಎದ್ದು ನಿಂತಳು. "ನಾನೇ ಸರ್. ಪ್ಯಾಕಿಂಗಿನವರ ತಪ್ಪೇನಿಲ್ಲ. ಬೆರಳು ಹಿಡೀತಿಲ್ಲ ಅಂತ ಕಟ್ಟಿದ್ದೆ. ಚಳಿಗಾಲದಿಂದ ಹೀಗೇ. ಯಾರಿಗೂ ಹೇಳಿರಲಿಲ್ಲ." ಎರಡೂ ಕೈ ಚಾಚಿ ತೋರಿಸಿದಳು. ಬಚ್ಚಿಟ್ಟಿದ್ದನ್ನು ಅಷ್ಟು ಜನರೆದುರು ಬಿಚ್ಚಿಟ್ಟಾಗ ಅಳು ಬರುತ್ತದೆಂದುಕೊಂಡಿದ್ದಳು, ಬಂದದ್ದು ಸಿಟ್ಟು. "ಆದ್ರೆ ನನ್ನ ಕಿವಿ ಇನ್ನೂ ಸರಿ ಇದೆ. ಒಂದು ಜಿಪ್ಪೂ ಕೆಟ್ಟದ್ದು ಹೊರಗೆ ಹೋಗಿಲ್ಲ. ಗಡಿಯಾರ ಮಾತ್ರ ಕೊಡಬೇಡಿ, ಮನೇಲಿ ಎರಡಿದೆ!"

"ಯಾವ ಗಡಿಯಾರ?" ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಫ್ಯಾನು ನೋಡಿದ.

ಯಜಮಾನರು ಎಡಗೈಯಿಂದ ಕಾಗದ ತೆಗೆದು ಓದಿದರು. "ಈ ಸಲ ಗ್ಲೌಸು ಬಿಚ್ಚದೇ ಜಿಪ್ಪು ಎಳೆದೆವು. ಬಿರುಗಾಳಿಯಲ್ಲಿ ಒಬ್ಬರ ಬೆರಳಿಗೂ ಏನೂ ಆಗಲಿಲ್ಲ. ಹಳೆಯ ಜಾಕೆಟ್ಟಿನವರು ನಮ್ಮದನ್ನು ನೋಡಿ ಶೂ ಲೇಸು ಕತ್ತರಿಸಿ ಕಟ್ಟಿಕೊಂಡರು. ಮಾದರಿಗೆಂದು ಒಂದನ್ನು ಕಳಿಸಿದ್ದೇವೆ. ಬೆನ್ನುಚೀಲಕ್ಕೂ ಡೇರೆಗೂ ಇಂಥದ್ದೇ ಬಾಲ ಬೇಕು. ಇದನ್ನು ಯೋಚಿಸಿದವರಿಗೆ ಒಂದು ದೊಡ್ಡ ನಮಸ್ಕಾರ ಹೇಳಿ."

ಮೇಸ್ತ್ರಿ ಕಾಗದವನ್ನೇ ಓದದೆ ಹಾರಾಡಿದ್ದನೆಂಬುದು ಈಗ ಎಲ್ಲರಿಗೂ ತಿಳಿಯಿತು.

ಯಜಮಾನರು ತಮ್ಮ ಜಾಕೆಟ್ಟನ್ನು ಕಳಚಿ ಕುರ್ಚಿಯ ಮೇಲೆ ಹಾಕಿದರು. ಬಾಲದ ಜಾಕೆಟ್ಟನ್ನು ತೊಟ್ಟರು. ಬಲಗೈ ಜೇಬಿಗೆ ಹೋಗಲಿಲ್ಲ. ಎಡಗೈಯಲ್ಲಿ ಕೆಳಗಿನ ತುದಿ ಜೋಡಿಸಿ, ತುದಿಯಿಲ್ಲದ ಆ ಮೂರು ಬೆರಳುಗಳಿಂದ ಕೆಂಪು ಗಂಟನ್ನು ಹಿಡಿದು ಎಳೆದರು. ಜಿಪ್ಪು ಸರ್ರನೆ ಗಲ್ಲದವರೆಗೂ ಏರಿತು.

"ಇಪ್ಪತ್ತಾರು ವರ್ಷ," ಎಂದರು. "ಬಾಗಿಲು ಹಾಕ್ಕೊಂಡು ಹಲ್ಲಲ್ಲಿ ಕಚ್ಚಿ ಎಳೀತಿದ್ದೆ. ಹೊರಗಡೆ ಹಾಗೆ ಮಾಡೋಕೆ ನಾಚಿಕೆ. ಅದಕ್ಕೇ ಬಿಟ್ಟುಕೊಂಡೇ ತಿರುಗೋದು."

ಜಿಪ್ಪಕ್ಕ ತನ್ನ ಊದಿದ ಬೆರಳುಗಳನ್ನೂ ಅವರ ಮೊಂಡು ಬೆರಳುಗಳನ್ನೂ ನೋಡಿದಳು. "ಹೇಳಬಾರದಾಗಿತ್ತಾ ಸರ್, ಮೊದಲೇ ಕಟ್ಟಿಕೊಡ್ತಿದ್ದೆ," ಎಂದಳು.

"ನೀವು ಹೇಳಿದ್ರಾ?"

ಇಬ್ಬರಿಗೂ ನಗು ಬಂತು. ಆಮೇಲೆ ಯಂತ್ರಗಳ ಸಾಲಿಗೆಲ್ಲ ಹಬ್ಬಿತು.

"ಬಾಲದ ಉದ್ದ ಎಷ್ಟಿರಬೇಕಮ್ಮಾ?" ಯಜಮಾನರು ಕೇಳಿದರು.

"ನಾಲ್ಕು ಬೆರಳು."

"ಯಾರ ಬೆರಳು?" ಮೇಸ್ತ್ರಿ ಪೆನ್ನು ತೆಗೆದ. ಈಗ ಅವನ ಹುರುಪೇ ಹುರುಪು.

"ನಂದೇ, ಇನ್ಯಾರದು? ಊದಿರೋ ಬೆರಳೇ ಲೆಕ್ಕ. ನಿನ್ನ ಕಡ್ಡಿ ಬೆರಳಲ್ಲಿ ಅಳೆದ್ರೆ ಗ್ಲೌಸಿಗೆ ಸಿಗಲ್ಲ."

ಮೇಸ್ತ್ರಿ ನಮೂನೆಯ ಕಾಗದ ಹಾಸಿ, ಅವಳ ಅಂಗೈಯನ್ನು ಅದರ ಮೇಲಿಟ್ಟು, ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕಚಗುಳಿಯಾಗುತ್ತದೆಂದು ಅವಳು ಎರಡು ಸಲ ಕೈ ಕಿತ್ತುಕೊಂಡಳು. ನಾಳೆಯಿಂದ ಬಾಲ ಕತ್ತರಿಸುವುದಲ್ಲ, ಕಟ್ಟುವುದೇ ಕೆಲಸ ಎಂದು ಅತ್ತೆ ಅಂದಾಗ ಸೊಸೆ ಕತ್ತರಿಯನ್ನು ಮೇಜಿನ ಖಾನೆಗೆ ಹಾಕಿದಳು.

"ಇದು ಇವತ್ತೇ ಬೀರುವಿಗೆ ಹೋಗಬೇಕು," ಎಂದು ಯಜಮಾನರು ಮೆಟ್ಟಿಲ ಕಡೆ ಹೊರಟರು. ಮೇಸ್ತ್ರಿ ಚೀಟಿ ಬರೆಯಲು ಕೂತು, "ನಿಮ್ಮ ನಿಜವಾದ ಹೆಸರೇನಕ್ಕಾ?" ಎಂದ.

"ಜಿಪ್ಪಕ್ಕ ಅಂತಲೇ ಬರಿ. ಬೇರೆ ಹೆಸರು ಹಾಕಿದ್ರೆ ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

ಟೀ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಬೀರು ನೋಡಲು ಹೋದರು. ಪ್ಲಾಸ್ಟಿಕ್ ಜಿಪ್ಪಿನ ಕೋಟಿನ ಪಕ್ಕ ಜಾಗ ಮಾಡಿ ಹೊಸ ಹ್ಯಾಂಗರ್ ತೂಗುಹಾಕಿದ್ದರು. ಕೆಳಗೆ ಚೀಟಿ: 'ಬಾಲ. ನಮ್ಮಲ್ಲಿ ಮೊದಲು ಕಟ್ಟಿದವರು ಜಿಪ್ಪಕ್ಕ.' ಹ್ಯಾಂಗರ್ ಖಾಲಿ ಇತ್ತು.

"ಜಾಕೆಟ್ಟೇ ಇಲ್ವಲ್ಲ ಅತ್ತೆ!"

ಜಿಪ್ಪಕ್ಕ ತುಟಿಯ ಮೇಲೆ ಬೆರಳಿಟ್ಟಳು. ಮೇಲೆ ಯಜಮಾನರ ಕೋಣೆಯ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗಿನಿಂದ ಜಿಪ್ಪು ಸರ್ರನೆ ಏರುವ ಸದ್ದು, ಇಳಿಯುವ ಸದ್ದು, ಮತ್ತೆ ಏರುವ ಸದ್ದು. ಜಿಪ್ಪಕ್ಕ ಮೆಟ್ಟಿಲ ಕಂಬಿಗೆ ಒರಗಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತ ನಿಂತಳು. ಜಿಪ್ಪು ಗೊಣಗದೆ ಏಳನೇ ಸಲ ದಾಟಿತು.